ಆಮಿಶ್ ಮನೆ ಅಡುಗೆ: ಮಸಾಲೆನೇ ಇಲ್ಲದ ಊಟಕ್ಕೆ ಜನ ಯಾಕೆ ಇಷ್ಟು ಮುಗಿಬೀಳ್ತಾರೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು, ಮಗಳು ಒಹಾಯೋದ ಕೊಲಂಬಸ್‌ನಲ್ಲಿದಾಳೆ. ಹೋದ ಸಲ ಅಲ್ಲಿಗೆ ಹೋಗಿದ್ದಾಗ ಅಳಿಯಂದ್ರು ಹೋಮ್ಸ್ ಕೌಂಟಿಗೆ ಕರ್ಕೊಂಡು ಹೋಗಿದ್ರು, ಕುದುರೆ ಗಾಡೀಲಿ ಓಡಾಡೋ ಆಮಿಶ್ ಜನ ಇರೋ ಕಡೆ. ಅಲ್ಲಿ ಹೋಟ್ಲಲ್ಲಿ ನೂಡಲ್ಸ್, ಮ್ಯಾಶ್ ಮಾಡಿದ ಆಲೂಗಡ್ಡೆ, ಬೀನ್ಸ್, ಬ್ರೆಡ್ಡು, ಪೈ ತಿಂದ್ವಿ. ಖಾರ ಇಲ್ಲ, ಮಸಾಲೆ ಇಲ್ಲ, ಆದ್ರೂ ಎಷ್ಟು ರುಚಿ! ಹೊರಗಡೆ ನೋಡಿದ್ರೆ ಉದ್ದ ಕ್ಯೂ. ಇದು ನಿಜವಾಗ್ಲೂ ಮುನ್ನೂರು ವರ್ಷದ ಹಿಂದಿನ ಅಡುಗೆನಾ? ಜನಕ್ಕೆ ಇದ್ರ ಮೇಲೆ ಯಾಕಿಷ್ಟು ಪ್ರೀತಿ? ಇನ್ನೊಂದು, ನಾವು ಮೊಟ್ಟೆ ತಿಂತೀವಿ, ಮಾಂಸ ತಿನ್ನಲ್ಲ. ಅಲ್ಲಿ ತಿಂದಿದ್ರಲ್ಲಿ ಮಾಂಸ ಇತ್ತಾ? ಮೈಸೂರಲ್ಲಿ ಮಾಡ್ಕೊಳ್ಳೋ ಅಂಥದ್ದು ಏನಾದ್ರೂ ಇದ್ಯಾ?

ಉತ್ತರ: ನಮಸ್ಕಾರ. ಮೊದ್ಲು ಮಾಂಸದ ವಿಷಯ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಮಿಕ್ಕಿದ್ದು ಓದೋವಾಗ ಅದೇ ತಲೇಲಿ ಕೊರೀತಿರತ್ತೆ. ಇದ್ದಿರೋ ಸಾಧ್ಯತೆನೇ ಜಾಸ್ತಿ. ಆ ಕಡೆ ನೂಡಲ್ಸನ್ನ ಬರೀ ನೀರಲ್ಲಿ ಬೇಯ್ಸೋದು ಕಮ್ಮಿ, ಕೋಳಿ ಬೇಯಿಸಿದ ನೀರಲ್ಲೇ ಬೇಯಿಸ್ತಾರೆ, ಅದನ್ನೇ ಬ್ರಾತ್ ಅನ್ನೋದು. ಬೀನ್ಸ್ ಜೊತೆ ಹ್ಯಾಮ್ ಅಥವಾ ಬೇಕನ್, ಅಂದ್ರೆ ಹಂದಿ ಮಾಂಸದ ಚೂರು ಹಾಕೋದು ಅವ್ರಿಗೆ ನಾವು ಒಗ್ಗರಣೆ ಹಾಕಿದಷ್ಟೇ ಸಹಜ. ಆಲೂಗಡ್ಡೆ ಮ್ಯಾಶ್‌ಗೆ ಹಾಲು ಬೆಣ್ಣೆ ಅಷ್ಟೇ, ಆದ್ರೆ ಮೇಲೆ ಸುರಿಯೋ ಕಂದು ಬಣ್ಣದ ಗ್ರೇವಿ ಮಾಂಸ ಹುರಿದ ರಸದಿಂದ ಮಾಡಿದ್ದು. ಪೈ ಹೊದಿಕೆಗೆ ಎಷ್ಟೋ ಕಡೆ ಈಗ್ಲೂ ಲಾರ್ಡ್ ಹಾಕ್ತಾರೆ, ಅಂದ್ರೆ ಹಂದಿ ಕೊಬ್ಬು, ಕೆಲವು ಕಡೆ ವನಸ್ಪತಿ ಥರದ ಶಾರ್ಟನಿಂಗು. ಬಣ್ಣ ಬಣ್ಣದ ಜೆಲ್ಲಿ ಸಲಾಡ್ ಇದ್ರೆ ಅದ್ರಲ್ಲಿ ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆಯೋ ಜೆಲಟಿನ್ ಇರತ್ತೆ. ತಿಳೀದೆ ತಿಂದಿದ್ದಕ್ಕೆ ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ. ಮುಂದಿನ ಸಲ ಹೋದಾಗ ‘ಇದು ವೆಜಿಟೇರಿಯನ್ನಾ’ ಅಂತ ಕೇಳ್ಬೇಡಿ, ಬೀನ್ಸ್ ತಾನೇ ಅಂತ ಹೂಂ ಅಂದ್ಬಿಡ್ತಾರೆ. ‘ಚಿಕನ್ ಬ್ರಾತ್ ಹಾಕಿದೀರಾ, ಬೇಕನ್ ಹಾಕಿದೀರಾ, ಕ್ರಸ್ಟಿಗೆ ಲಾರ್ಡ್ ಹಾಕಿದೀರಾ’ ಅಂತ ಹೆಸರು ಹಿಡಿದೇ ಕೇಳಿ, ಸರಿಯಾದ ಉತ್ತರ ಬರತ್ತೆ.

ಈಗ ಮುನ್ನೂರು ವರ್ಷದ ವಿಷಯ. ಜನ ಮುನ್ನೂರು ವರ್ಷಕ್ಕಿಂತ ಹಳಬರು, ನೀವು ತಿಂದ ಊಟ ಅಷ್ಟು ಹಳೇದಲ್ಲ. ಆಮಿಶ್ ಪಂಥ ಬೇರೆ ಆಗಿದ್ದು 1693ರಲ್ಲಿ, ಸ್ವಿಟ್ಜರ್ಲೆಂಡ್ ಮತ್ತೆ ಅಲ್ಸಾಸ್ ಕಡೆ, ಯಾಕೊಬ್ ಅಮ್ಮಾನ್ ಅನ್ನೋರ ಹಿಂದೆ ಹೋದವರು ಮೆನೊನೈಟರು ಅನ್ನೋ ಕ್ರೈಸ್ತ ಪಂಗಡದಿಂದ ಬೇರೆಯಾದ್ರು. ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಾರ್ದು, ಬುದ್ಧಿ ಬಂದ್ಮೇಲೆ ಅವರೇ ಒಪ್ಪಿ ತಗೋಬೇಕು ಅನ್ನೋ ಕ್ರೈಸ್ತರು ಇವರು, ಅದಕ್ಕಾಗಿ ಯೂರೋಪಲ್ಲಿ ತುಂಬಾ ಹಿಂಸೆ ಅನುಭವಿಸಿದ್ರು. ಅಮೆರಿಕದಲ್ಲಿ ವಿಲಿಯಂ ಪೆನ್ ಅನ್ನೋರು ಸ್ಥಾಪಿಸಿದ ಪೆನ್ಸಿಲ್ವೇನಿಯಾದಲ್ಲಿ ಎಲ್ಲಾ ಮತದವ್ರಿಗೂ ಜಾಗ ಇದೆ ಅಂತ ಗೊತ್ತಾಗಿ 1700ರ ದಶಕಗಳಲ್ಲಿ ಹಡಗು ಹತ್ತಿದ್ರು. ಹೋಮ್ಸ್ ಕೌಂಟಿ ಕಡೆಗೆ ಬಂದಿದ್ದು 1808-09ರ ಸುಮಾರಿಗೆ. ಈಗ ಅಮೆರಿಕ ಕೆನಡಾ ಸೇರಿ ಸುಮಾರು 4 ಲಕ್ಷ ಜನ ಇದಾರೆ, ಹುಟ್ಟಿದ ಯೂರೋಪಲ್ಲಿ ಅವ್ರ ಒಂದು ಸಭೆನೂ, ಅಂದ್ರೆ ಒಟ್ಟಿಗೆ ಪ್ರಾರ್ಥನೆ ಮಾಡೋ ಗುಂಪೂ, ಉಳಿದಿಲ್ಲ.

ಬಂದವ್ರು ತಂದಿದ್ದು ಜರ್ಮನ್ ಹಳ್ಳಿ ಅಡುಗೆ. ಹುಳಿ ಹಿಡಿಸಿದ ಎಲೆಕೋಸು, ಮೊಟ್ಟೆ ಹಾಕಿದ ನೂಡಲ್ಸು, ಹಿಟ್ಟಿನ ಕಡುಬು, ಹೊಗೆ ಹಾಕಿದ ಹಂದಿ ಮಾಂಸ, ಹೋಳು ಮಾಡಿ ಒಣಗಿಸಿದ ಸೇಬು, ಅದಕ್ಕೆ ಸ್ನಿಟ್ಸ್ ಅಂತಾರೆ. ಇದು ಆಮಿಶರದ್ದು ಮಾತ್ರ ಅಲ್ಲ, ಅದೇ ಹಡಗುಗಳಲ್ಲಿ ಬಂದ ಲೂಥರನ್ನರು, ರಿಫಾರ್ಮ್ಡ್ ಚರ್ಚಿನವರು, ಮೆನೊನೈಟರು ಎಲ್ಲರದ್ದೂ. ಎಲ್ಲ ಸೇರಿ ಪೆನ್ಸಿಲ್ವೇನಿಯಾ ಡಚ್ (ಇಲ್ಲಿ ಡಚ್ ಅಂದ್ರೆ ಜರ್ಮನ್) ಅಂತ ಕರೀತಾರೆ, ಆಮಿಶರು ಅದ್ರಲ್ಲಿ ಒಂದು ಸಣ್ಣ ಗುಂಪು ಅಷ್ಟೇ. ಮಿಕ್ಕವರು ಪೇಟೆ ಸೇರಿ ಬೇರೆ ಅಮೆರಿಕನ್ನರ ಥರ ಆಗ್ಬಿಟ್ರು, ಇವ್ರು ಉಳ್ಕೊಂಡ್ರು, ಹಾಗಾಗಿ ಇಡೀ ಅಡುಗೆಗೆ ಇವ್ರ ಹೆಸರೇ ಅಂಟ್ಕೊಂಡಿದೆ. ಅಮೆರಿಕಕ್ಕೆ ಬಂದ್ಮೇಲೆ ಮುಸುಕಿನ ಜೋಳದ ಹಿಟ್ಟು ಸೇರ್ತು, ಕುಂಬಳಕಾಯಿ ಸೇರ್ತು, ಕೆರಿಬಿಯನ್ ಕಬ್ಬಿನ ಕಾಕಂಬಿ ಸೇರ್ತು. ಈ ಪೈಗಳು, ಕೇಕುಗಳು, ಕುಕೀಗಳ ಸಾಲು ಇದ್ಯಲ್ಲ, ಅದು ಬಂದಿದ್ದು 19ನೇ ಶತಮಾನದಲ್ಲಿ, ಮನೆಗೆ ಕಬ್ಬಿಣದ ಒಲೆ ಬಂದು, ಸಕ್ಕರೆ ಅಗ್ಗ ಆಗಿ, ಅಡುಗೆ ಸೋಡಾ ಅಂಗಡೀಲಿ ಸಿಗೋಕೆ ಶುರುವಾದ್ಮೇಲೆ. ಗಾಜಿನ ಜಾರಲ್ಲಿ ತುಂಬಿಡೋ ಪದ್ಧತಿನೂ ಜಾನ್ ಮೇಸನ್ ಅನ್ನೋರು 1858ರಲ್ಲಿ ತಿರುಪು ಮುಚ್ಚಳದ ಜಾರಿಗೆ ಪೇಟೆಂಟ್ ತಗೊಂಡ ಮೇಲಿನದ್ದು.

ಇನ್ನೂ ಒಂದು ವಿಷಯ ಕೇಳಿದ್ರೆ ನಿಮಗೆ ಬೇಜಾರಾಗ್ಬಹುದು. ಈವತ್ತು ಆಮಿಶ್ ಅಡುಗೆಮನೆ ಬೀರು ತೆಗೆದ್ರೆ ಡಬ್ಬಿ ಸೂಪು, ವೆಲ್‌ವೀಟಾ ಚೀಸು, ಜೆಲ್-ಓ ಜೆಲ್ಲಿ ಪ್ಯಾಕೆಟ್ಟು, ಇನ್‌ಸ್ಟಂಟ್ ಪುಡಿಂಗ್ ಮಿಕ್ಸು, ಕೂಲ್ ವಿಪ್ ಅನ್ನೋ ರೆಡಿಮೇಡ್ ಕ್ರೀಮು ಎಲ್ಲ ಸಿಗತ್ತೆ. ಯಾರಿಗಾದ್ರೂ ಆಸ್ಪತ್ರೆ ಖರ್ಚು ಬಂದಾಗ ದುಡ್ಡು ಕೂಡಿಸೋಕೆ ಊರವರೆಲ್ಲ ಸೇರಿ ಮಾಡೋ ‘ಹೇಸ್ಟ್ಯಾಕ್’ ಊಟ ಅಂತ ಇದೆ, ತಟ್ಟೇಲಿ ಪುಡಿ ಮಾಡಿದ ಬಿಸ್ಕೆಟ್ಟು ಅಥವಾ ಚಿಪ್ಸು, ಅನ್ನ, ಮಾಂಸದ ಖೀಮಾ, ಹಸಿ ತರಕಾರಿ, ಮೇಲೆ ಚೀಸ್ ಸಾಸು, ಹುಲ್ಲಿನ ಬಣವೆ ಥರ ಒಂದ್ರ ಮೇಲೊಂದು. ಇದು ಯಾವ ಹಳೇ ಜರ್ಮನಿ ಅಡುಗೆ ಅಂತ ಹೇಳೋಕಾಗತ್ತೆ? ‘ಆಮಿಶ್ ಫ್ರೆಂಡ್‌ಶಿಪ್ ಬ್ರೆಡ್’ ಅಂತ ಹುಳಿ ಹಿಟ್ಟನ್ನ ಹತ್ತು ದಿನ ಸಾಕಿ ಅಕ್ಕಪಕ್ಕದವ್ರಿಗೆ ಹಂಚೋದು ಅಮೆರಿಕದಲ್ಲಿ ತುಂಬಾ ಓಡಾಡ್ತು, ಅದ್ರ ರೆಸಿಪೀಲಿ ವೆನಿಲ್ಲಾ ಪುಡಿಂಗ್ ಪ್ಯಾಕೆಟ್ ಇರತ್ತೆ, ಆಮಿಶರಿಗೂ ಅದಕ್ಕೂ ಸಂಬಂಧ ತೀರಾ ತೆಳು. ಊಟದ ಮೇಜಿನ ಮೇಲೆ ‘ಏಳು ಸಿಹಿ ಏಳು ಹುಳಿ’ ಇರಲೇಬೇಕು ಅನ್ನೋ ಮಾತೂ ಅಷ್ಟೇ, ಪ್ರವಾಸಿಗಳಿಗೆ ಅಂತ ಹೋಟ್ಲುಗಳು ಬೆಳೆಸಿದ್ದು, ಮನೇಲಿ ಯಾರೂ ಎಣಿಸ್ಕೊಂಡು ಬಡಿಸಲ್ಲ.

ಹಾಗಾದ್ರೆ ಎಲ್ಲ ಸುಳ್ಳಾ ಅಂದ್ರೆ, ಖಂಡಿತ ಅಲ್ಲ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತೀ ಮುಖ್ಯವಾದ್ದು ಇದು: ಆಮಿಶರಲ್ಲಿ ಇದನ್ನ ತಿನ್ಬೇಕು ಇದನ್ನ ತಿನ್ಬಾರ್ದು ಅನ್ನೋ ನಿಯಮ ಇಲ್ಲ. ಕಮ್ಯುನಿಯನ್‌ಗೆ (ಏಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳ್ಳೋ ಆಚರಣೆ) ಮುಂಚೆ ಒಂದು ಉಪವಾಸದ ದಿನ ಬಿಟ್ರೆ ಊಟದ ಮೇಲೆ ಧರ್ಮದ ಕಟ್ಟುಪಾಡು ಅಂತ ಇಲ್ಲ. ಅವ್ರ ಓರ್ಡ್ನುಂಗ್, ಅಂದ್ರೆ ಸಭೆಯ ನಡಾವಳಿ, ಮಾತಾಡೋದು ಕರೆಂಟಿನ ಬಗ್ಗೆ, ಕಾರಿನ ಬಗ್ಗೆ, ಬಟ್ಟೆ ಬಗ್ಗೆ, ಪ್ರಾರ್ಥನೆ ಎಲ್ಲಿ ಮಾಡ್ಬೇಕು ಅನ್ನೋದ್ರ ಬಗ್ಗೆ. ಆ ನಿಯಮಗಳು ಅಡುಗೆನ ಸುತ್ತ ಹಿಡಿದು ಉಳಿಸಿವೆ. ಅಡುಗೆನ ಉಳಿಸ್ಬೇಕು ಅಂತ ಯಾರೂ ಹೊರಡಲಿಲ್ಲ, ಅದಕ್ಕೇ ಅದು ಮ್ಯೂಸಿಯಂ ವಸ್ತು ಆಗದೆ ಡಬ್ಬಿ ಸೂಪನ್ನೂ ನುಂಗ್ಕೊಂಡು ಜೀವಂತವಾಗಿದೆ.

ಕರೆಂಟನ್ನೇ ತಗೊಳ್ಳಿ. ಹೊರಗಿನ ಲೈನಿಂದ ಕರೆಂಟ್ ಎಳೀಬಾರ್ದು ಅನ್ನೋದು ಹೆಚ್ಚುಕಮ್ಮಿ ಎಲ್ಲ ಹಳೇ ಪದ್ಧತಿಯ ಸಭೆಗಳಲ್ಲೂ ಇದೆ. ಗ್ಯಾಸ್ ಒಲೆ, ಗ್ಯಾಸ್ ಫ್ರಿಜ್ ಎಷ್ಟೋ ಮನೇಲಿ ಇರತ್ತೆ, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆ ಒತ್ತಿದ ಗಾಳಿಯಿಂದ ತಿರುಗೋ ಮಿಕ್ಸರ್ ಕೂಡ ಇಟ್ಕೊಂಡಿರ್ತಾರೆ, ತೀರಾ ಕಟ್ಟುನಿಟ್ಟಿನ ಸ್ವಾರ್ಟ್‌ಜೆಂಟ್ರೂಬರ್ ಗುಂಪಿನವರು ಸೌದೆ ಒಲೆ, ಐಸ್ ಪೆಟ್ಟಿಗೆಲೇ ಇದಾರೆ. ಆದ್ರೆ ದೊಡ್ಡ ಡೀಪ್ ಫ್ರೀಜರ್ ಮನೇಲಿ ಇಡೋದು ಕಷ್ಟ. ಕೆಲವ್ರು ಅಕ್ಕಪಕ್ಕದ ‘ಇಂಗ್ಲಿಷ್’ ಮನೇಲಿ (ಆಮಿಶ್ ಅಲ್ಲದವ್ರನ್ನೆಲ್ಲ ಅವ್ರು ಕರೆಯೋದೇ ಹಾಗೆ) ಫ್ರೀಜರ್‌ಗೆ ಬಾಡಿಗೆ ಕೊಟ್ಟು ಜೋಳ, ಮಾಂಸ ಇಡ್ತಾರೆ. ಮಿಕ್ಕಿದ್ದೆಲ್ಲ ಜಾರಿಗೆ ಹೋಗ್ಬೇಕು. ಜೂನ್‌ನಲ್ಲಿ ಸ್ಟ್ರಾಬೆರಿ ಬಟಾಣಿ, ಆಮೇಲೆ ಬೀನ್ಸು, ಆಗಸ್ಟ್‌ನಲ್ಲಿ ಪೀಚು ಟೊಮೇಟೊ ಜೋಳ, ಸೆಪ್ಟೆಂಬರ್ ಅಕ್ಟೋಬರ್‌ಗೆ ಸೇಬು, ಚಳಿಗಾಲದಲ್ಲಿ ಮಾಂಸ. ಒಂದು ಮನೇಲಿ ವರ್ಷಕ್ಕೆ ನೂರಾರು ಜಾರು ತುಂಬಿ ನೆಲಮಾಳಿಗೆ ಸೇರತ್ತೆ. ಚೌಚೌ ಅನ್ನೋ ಸಿಹಿಹುಳಿ ತರಕಾರಿ ಉಪ್ಪಿನಕಾಯಿನೂ ಹೀಗೇ ಬರೋದು, ಮೊದಲ ಹಿಮ ಬೀಳೋಕೆ ಮುಂಚೆ ತೋಟದಲ್ಲಿ ಏನೇನು ಉಳಿದಿದ್ಯೋ ಎಲ್ಲ ಕಿತ್ತು, ಹೂಕೋಸು, ಕ್ಯಾರೆಟ್ಟು, ಬೀನ್ಸು, ದಪ್ಪ ಮೆಣಸಿನಕಾಯಿ, ಜೋಳ, ಕಾಳು ಎಲ್ಲ ಬೇರೆ ಬೇರೆ ಬೇಯಿಸಿ, ವಿನೆಗರ್ ಸಕ್ಕರೆ ಜೊತೆ, ಮತ್ತೆ ನಿಮಗೆ ಖುಷಿಯಾಗತ್ತೆ ನೋಡಿ, ಸಾಸಿವೆ ಮತ್ತು ಅರಿಶಿನ ಹಾಕಿ ತುಂಬ್ತಾರೆ.

ಹೋಮ್ಸ್ ಕೌಂಟೀಲಿ ಅಷ್ಟೊಂದು ಚೀಸ್ ಅಂಗಡಿ ಯಾಕಿದೆ ಅಂತ ನಿಮಗೆ ಅನ್ನಿಸಿರಬಹುದು. ಕರೆಂಟಿಲ್ಲದ ಆಮಿಶ್ ಹೈನುಗಾರರು ಹಾಲನ್ನ ಕ್ಯಾನುಗಳಲ್ಲಿ ತುಂಬಿ ತಣ್ಣೀರಲ್ಲಿ ಇಟ್ಟು ತಂಪು ಮಾಡ್ತಿದ್ರು, ಕುಡಿಯೋ ಹಾಲಿನ ಡೇರಿಗಳು ಕೇಳೋ ದೊಡ್ಡ ಕೂಲಿಂಗ್ ಟ್ಯಾಂಕು ಇರ್ತಿರಲಿಲ್ಲ, ಹಾಗಾಗಿ ಅದು ‘ಬಿ ಗ್ರೇಡ್’ ಹಾಲು, ಅದನ್ನ ಚೀಸ್ ಫ್ಯಾಕ್ಟರಿಗಳು ಕೊಂಡ್ಕೊಳ್ತಿದ್ವು. ಆಲ್ಫ್ರೆಡ್ ಗುಗ್ಗಿಸ್‌ಬರ್ಗ್ ಅನ್ನೋ ಸ್ವಿಸ್ ಚೀಸುಗಾರರು 1960ರ ದಶಕದಲ್ಲಿ ಬೇಬಿ ಸ್ವಿಸ್ ಅನ್ನೋ ಚೀಸ್ ಮಾಡಿದ್ದು ಅಲ್ಲೇ. ನೋಡಿ, ಕರೆಂಟಿನ ಬಗ್ಗೆ ಒಂದು ನಿಯಮ, ಅದ್ರಿಂದ ಒಂದು ಊರಿನ ಚೀಸೇ ಹುಟ್ಕೊಳ್ತು. (ಚೀಸ್ ತಗೊಳ್ಳೋದಾದ್ರೆ ಹಾಲು ಒಡೆಸೋಕೆ ಹಾಕೋ ರೆನ್ನೆಟ್ ಪ್ರಾಣಿದಾ ಅಂತ ಕೇಳ್ಕೊಳ್ಳಿ.)

ಭಾನುವಾರದ ಊಟ ಇನ್ನೂ ಸೊಗಸಾದ ವಿಷಯ. ಅವ್ರಿಗೆ ಚರ್ಚ್ ಕಟ್ಟಡ ಇಲ್ಲ. ಸುಮಾರು 20ರಿಂದ 40 ಮನೆ ಸೇರಿ ಒಂದು ಸಭೆ, ಎರಡು ವಾರಕ್ಕೊಮ್ಮೆ ಸರದಿ ಪ್ರಕಾರ ಒಬ್ಬೊಬ್ಬರ ಮನೇಲಿ ಪ್ರಾರ್ಥನೆ, ಕೂರೋ ಬೆಂಚುಗಳು ಒಂದು ಗಾಡೀಲಿ ಮನೆಯಿಂದ ಮನೆಗೆ ಹೋಗ್ತಿರತ್ತೆ. ಮೂರು ಗಂಟೆ ಹೊತ್ತಿನ ಪ್ರಾರ್ಥನೆ ಮುಗಿದ್ಮೇಲೆ ಅದೇ ಬೆಂಚುಗಳನ್ನ ಜೋಡಿಸಿ ಊಟದ ಮೇಜು ಮಾಡ್ತಾರೆ, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ, ಪಂಕ್ತಿ ಪಂಕ್ತಿಯಾಗಿ ಕೂತು ಏಳ್ತಾರೆ, ಊಟಕ್ಕೆ ಮುಂಚೆ ಮತ್ತೆ ಊಟ ಆದ್ಮೇಲೆ ತಲೆ ಬಗ್ಗಿಸಿ ಮೌನ ಪ್ರಾರ್ಥನೆ. ಮೆನು ಆಯಾ ಊರಲ್ಲಿ ಹೆಚ್ಚುಕಮ್ಮಿ ಗೊತ್ತಾಗಿರೋದೇ. ಮನೆ ಬ್ರೆಡ್ಡು, ಮೃದುವಾದ ಚೀಸು, ಕಡ್ಲೆಕಾಯಿ ಬೆಣ್ಣೆಗೆ ಪಾಕ ಅಥವಾ ಮಾರ್ಷ್‌ಮ್ಯಾಲೊ ಕಲಸಿದ ಸ್ಪ್ರೆಡ್ಡು, ಸೌತೆಕಾಯಿ ಮತ್ತೆ ಬೀಟ್‌ರೂಟ್ ಉಪ್ಪಿನಕಾಯಿ, ಕಾಫಿ, ಪೆನ್ಸಿಲ್ವೇನಿಯಾದಲ್ಲಾದ್ರೆ ಸ್ನಿಟ್ಸ್ ಪೈ, ಕೆಲವು ಕಡೆ ಕಾಳಿನ ಸೂಪು. ಇಷ್ಟು ಸಾದಾ ಯಾಕೆ ಗೊತ್ತಾ? ಇವತ್ತು ನಮ್ಮನೆ, ಇನ್ನೆರಡು ವಾರಕ್ಕೆ ನಿಮ್ಮನೆ, ಒಬ್ರು ಜಾಸ್ತಿ ಬಗೆ ಮಾಡಿ ಬಡಿಸಿದ್ರೆ ಮುಂದಿನವ್ರಿಗೆ ಸಂಕಟ, ಬಡವರಿಗೆ ಅವಮಾನ. ಮೆನು ಒಂದೇ ಆಗ್ಬಿಟ್ರೆ ಪೈಪೋಟಿಗೆ ಜಾಗನೇ ಇರಲ್ಲ. ನಂಗೆ ಇಡೀ ಆಮಿಶ್ ಅಡುಗೇಲಿ ಅತ್ಯಂತ ಗೌರವ ಇರೋದು ಈ ಬ್ರೆಡ್ಡು ಕಡ್ಲೆಕಾಯಿ ಬೆಣ್ಣೆ ಊಟದ ಮೇಲೆ, ಯಾವ ಹೋಟ್ಲಲ್ಲೂ ಇದನ್ನ ಊಟ ಅಂತ ಬಡಿಸಲ್ಲ, ಬಡಿಸಿದ್ರೆ ಯಾರೂ ಕ್ಯೂ ನಿಲ್ಲಲ್ಲ, ಆದ್ರೆ ಹುಟ್ಟಿದಾಗಿಂದ ಸಾಯೋವರೆಗೂ ಒಬ್ಬ ಆಮಿಶ್ ಮನುಷ್ಯ ಊರವರ ಜೊತೆ ಕೂತು ಅತಿ ಹೆಚ್ಚು ಸಲ ತಿನ್ನೋ ಊಟ ಇದೇ.

ಮದುವೆಗೆ ಮಾತ್ರ ಧಾರಾಳ. ಲ್ಯಾಂಕಾಸ್ಟರ್ ಕೌಂಟೀಲಿ ಮದುವೆ ಕಾಲ ಅಂದ್ರೆ ಸುಗ್ಗಿ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಶುರುವಿನವರೆಗೆ, ಅದೂ ಮಂಗಳವಾರ ಮತ್ತೆ ಗುರುವಾರ, ಯಾಕಂದ್ರೆ ಹಿಂದಿನ ದಿನ ತಯಾರಿಗೆ ಮಾರನೇ ದಿನ ತೊಳೆಯೋಕೆ ಬೇಕು, ಭಾನುವಾರ ಕೆಲಸ ಮಾಡೋ ಹಾಗಿಲ್ಲ. ಈಗ ಜನ ಜಾಸ್ತಿ ಆಗಿ ದಿನ ಸಾಲದೆ ವಸಂತದಲ್ಲೂ ಮಾಡ್ತಾರೆ. ಮದುವೆ ಹುಡುಗಿ ಮನೇಲೇ, 200-400 ಜನ. ಮುಖ್ಯ ಅಡುಗೆ ‘ರೋಶ್ಟ್’, ಹುರಿದ ಕೋಳಿನ ಬಿಡಿಸಿ ಬೆಣ್ಣೆ, ಬ್ರೆಡ್ ಚೂರು, ಸೆಲರಿ ಅನ್ನೋ ದಂಟಿನ ತರಕಾರಿ ಜೊತೆ ಕಲಸಿ ಮತ್ತೆ ಒಲೇಲಿಡೋದು, ಜೊತೆಗೆ ಆಲೂಗಡ್ಡೆ ಮ್ಯಾಶು, ಗ್ರೇವಿ, ಸಿಹಿಹುಳಿ ಬಿಳಿ ಸಾಸಲ್ಲಿ ಬೇಯಿಸಿದ ಸೆಲರಿ. ಹಸಿ ಸೆಲರಿ ಕಡ್ಡಿಗಳನ್ನ ಗಾಜಿನ ಜಾಡೀಲಿ ಹೂವಿನ ಬದಲು ಮೇಜಿನ ಮೇಲೆ ನಿಲ್ಲಿಸ್ತಾರೆ. ಅಷ್ಟು ಸೆಲರಿ ಬೇಕಲ್ಲ, ಅದಕ್ಕೆ ಬೇಸಿಗೇಲೇ ಯಾರ ತೋಟದಲ್ಲಿ ಜಾಸ್ತಿ ಸೆಲರಿ ನೆಟ್ಟಿದಾರೋ ಆ ಮನೇಲಿ ಮದುವೆ ಇದೆ ಅಂತ ಊರಲ್ಲಿ ಗುಸುಗುಸು, ನಿಶ್ಚಯ ಆಗಿರೋದನ್ನ ಮುಚ್ಚಿಟ್ಕೊಳ್ಳೋ ಪದ್ಧತಿ ಬೇರೆ. ಅಡುಗೆಯವ್ರು ಅಂತ ದುಡ್ಡು ಕೊಟ್ಟು ಕರ್ಸಲ್ಲ, ನೆಂಟರಲ್ಲೇ ಗಂಡಹೆಂಡತಿ ಜೋಡಿಗಳನ್ನ ಗೊತ್ತು ಮಾಡ್ತಾರೆ, ಇವ್ರು ರೋಶ್ಟಿಗೆ, ಇವ್ರು ಆಲೂಗಡ್ಡೆಗೆ ಅಂತ, ಗಂಡಸರೂ ಕೂತು ಸಿಪ್ಪೆ ತೆಗೀತಾರೆ. ಒಲೆ, ಪಾತ್ರೆ, ತಟ್ಟೆ ಎಲ್ಲ ಇರೋ ಗಾಡಿಗಳು ಬಾಡಿಗೆಗೆ ಸಿಗತ್ತೆ, ಅದನ್ನ ಅಂಗಳಕ್ಕೆ ತಂದು ನಿಲ್ಲಿಸ್ಕೊಳ್ತಾರೆ.

ಊರವರೆಲ್ಲ ಸೇರಿ ಒಬ್ಬರ ಕೊಟ್ಟಿಗೆ ಕಟ್ಟೋ ದಿನದ ಊಟದ್ದು ಒಂದು ಹಳೇ ಪಟ್ಟಿ ಮೆನೊನೈಟ್ ಮನೆಗಳಲ್ಲಿ ಉಳ್ಕೊಂಡು ಬಂದು ಆಮೇಲೆ ಅಚ್ಚಾಗಿದೆ, 175 ಗಂಡಸರಿಗೆ 115 ನಿಂಬೆ ಪೈ, 500 ಡೋನಟ್ಟು, 300 ಬನ್ನು, 50 ಪೌಂಡ್ ಹುರಿದ ದನದ ಮಾಂಸ, 16 ಕೋಳಿ, 3 ಹ್ಯಾಮು, ಹೀಗೆ. ಇದನ್ನ ಓದಿದಾಗ ಎಲ್ರೂ ಅಬ್ಬಾ ಎಷ್ಟು ತಿಂತಿದ್ರು ಅಂತಾರೆ, ನಂಗೆ ಮೊದ್ಲು ಬರೋ ಯೋಚನೆ ಆ 115 ಪೈಗೆ ಹಿಟ್ಟು ಲಟ್ಟಿಸಿದ ಹೆಂಗಸರದ್ದು. ಈ ಅಡುಗೆನ ಹೊಗಳೋವಾಗ ಇದನ್ನ ಬಿಡಬಾರ್ದು. ಮನೇಲಿ ಆರೇಳು ಮಕ್ಕಳು, ತೋಟ, ಜಾರು, ಬಟ್ಟೆ ಹೊಲಿಗೆ, ಎಲ್ಲ ಹೆಂಗಸರ ಮೇಲೆ. ಮಕ್ಕಳ ಓದು 8ನೇ ಕ್ಲಾಸಿಗೆ ಮುಗಿಯತ್ತೆ, ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ಅದನ್ನ ಒಪ್ಕೊಂಡಿದೆ, ಅಂದ್ರೆ ಹದಿನಾಲ್ಕು ಹದಿನೈದಕ್ಕೆ ಹುಡುಗಿ ಪೂರ್ತಿ ಹೊತ್ತು ಅಡುಗೆಮನೇಲಿ. ಆ ಕೈಗಳ ಪಳಗಿಕೆ ಬರೋದು ಅಲ್ಲಿಂದ, ಅದಕ್ಕೆ ಕೊಟ್ಟ ಬೆಲೆನೂ ಅಲ್ಲೇ ಇದೆ. ಭಾರ ಹಗುರ ಆಗೋದು ಒಟ್ಟಿಗೆ ಮಾಡೋದ್ರಿಂದ, ಅಕ್ಕತಂಗಿಯರೆಲ್ಲ ಒಂದು ದಿನ ಒಬ್ರ ಮನೇಲಿ ಸೇರಿ ಇಡೀ ಗಾಡಿ ಜೋಳ ಸುಲಿದು ಮುಗಿಸ್ತಾರೆ, ಮಾತೂ ಆಗತ್ತೆ ಕೆಲಸನೂ ಆಗತ್ತೆ. ಒಹಾಯೋದ ಶುಗರ್‌ಕ್ರೀಕ್‌ನಿಂದ 1890ರಿಂದ ಬರ್ತಿರೋ ‘ದ ಬಜೆಟ್’ ಪೇಪರ್‌ನಲ್ಲಿ ಬೇರೆ ಬೇರೆ ಊರುಗಳ ಆಮಿಶರು ಬರೆಯೋ ಪತ್ರಗಳೇ ಸುದ್ದಿ, ಮಳೆ, ಹೆರಿಗೆ, ಸಾವು, ಭಾನುವಾರ ಯಾರ ಮನೇಲಿ ಸಭೆ ಅನ್ನೋದ್ರ ಜೊತೆ ಜಾರು ತುಂಬಿದ ಸುದ್ದಿನೂ ಇರತ್ತೆ.

ಹೊರಗಿನವ್ರಿಗೆ ಯಾಕೆ ಇಷ್ಟ ಅಂತ ಕೇಳಿದ್ರಲ್ಲ. ರುಚಿ ಕಾರಣ ಮೊದ್ಲು. ಮಸಾಲೆ ಇಲ್ಲದಿದ್ರೂ ಬೆಣ್ಣೆ ಇದೆ, ಅದೂ ಕಂದು ಆಗೋವರೆಗೆ ಕಾಯಿಸಿದ ಬೆಣ್ಣೆ, ಬ್ರಾತ್ ಇದೆ, ನೂಡಲ್ಸಲ್ಲಿ ಹಳದಿ ಲೋಳೆ ಧಾರಾಳ, ಪಕ್ಕದಲ್ಲಿ ಸಿಹಿಹುಳಿ ಉಪ್ಪಿನಕಾಯಿ ಕೊಬ್ಬನ್ನ ಕತ್ತರಿಸತ್ತೆ. ತರಕಾರಿ ತೋಟದಿಂದ ಬಂದಿದ್ದಾದ್ರೆ ಇನ್ನೇನೂ ಬೇಡ. ಎರಡನೇದು ನೆನಪು. 1950ರ ದಶಕದಲ್ಲಿ ಅಮೆರಿಕನ್ನರ ಮನೆಗೆ ಟಿವಿ ಮುಂದೆ ಕೂತು ತಿನ್ನೋ ರೆಡಿಮೇಡ್ ಫ್ರೋಜನ್ ಊಟ ಬಂತು, ಅದೇ ದಶಕದಲ್ಲಿ ಲ್ಯಾಂಕಾಸ್ಟರ್‌ಗೆ ಪ್ರವಾಸಿಗಳ ಹರಿವೂ ಜೋರಾಯ್ತು, ಇದು ಕಾಕತಾಳೀಯ ಅಂತ ನಂಗೆ ಅನ್ನಿಸಲ್ಲ. ಅವ್ರ ಅಜ್ಜಿ ಮಾಡ್ತಿದ್ದ ನೂಡಲ್ಸು ಪೈ ತಮ್ಮನೇಲಿ ನಿಂತೋಗಿತ್ತು, ಇಲ್ಲಿ ಬಂದ್ರೆ ಉದ್ದ ಮೇಜಲ್ಲಿ ಗುರುತಿಲ್ಲದವ್ರ ಪಕ್ಕ ಕೂತು ಬಟ್ಟಲು ಕೈಯಿಂದ ಕೈಗೆ ದಾಟಿಸ್ಕೊಂಡು ಊಟ. ಹೋಮ್ಸ್ ಕೌಂಟಿಯ ವಾಲ್‌ನಟ್ ಕ್ರೀಕ್‌ನಲ್ಲಿ ಡೆರ್ ಡಚ್‌ಮನ್ ಅನ್ನೋ ಹೋಟ್ಲು 1969ರಲ್ಲಿ ಶುರುವಾಯ್ತು, ಆಮೇಲೆ ಇಂಥವು ತುಂಬಾ ಬಂದ್ವು. ಇವುಗಳಲ್ಲಿ ಎಷ್ಟೋ ಮೆನೊನೈಟರದ್ದು ಅಥವಾ ಹೊರಗಿನವ್ರದ್ದು, ಆಮಿಶ್ ಹೆಣ್ಣುಮಕ್ಕಳು ಅಡುಗೆಗೆ ಬಡಿಸೋಕೆ ಬರ್ತಾರೆ. ಫಿಲಡೆಲ್ಫಿಯಾದ ರೀಡಿಂಗ್ ಟರ್ಮಿನಲ್ ಮಾರ್ಕೆಟ್ಟಲ್ಲೂ ಅವ್ರ ಅಂಗಡಿಗಳಿವೆ, ಭಾನುವಾರ ಹೋದ್ರೆ ಬಾಗಿಲು ಹಾಕಿರತ್ತೆ. ಆಂಟಿ ಆನ್ಸ್ ಪ್ರೆಟ್ಜೆಲ್ ನಮ್ಮ ದೇಶದ ಮಾಲ್‌ಗಳಿಗೂ ಬಂದಿದ್ಯಲ್ಲ, ಅದನ್ನ 1988ರಲ್ಲಿ ಪೆನ್ಸಿಲ್ವೇನಿಯಾದ ಒಂದು ರೈತರ ಸಂತೇಲಿ ಶುರು ಮಾಡಿದ ಆನ್ ಬೈಲರ್ ಕೂಡ ಆಮಿಶ್ ಹಿನ್ನೆಲೆ ಮನೆಯವರೇ.

ಇಷ್ಟು ಬೆಣ್ಣೆ ಸಕ್ಕರೆ ತಿಂದು ಹೇಗಿರ್ತಾರೆ ಅಂತ ಎಲ್ರೂ ಕೇಳ್ತಾರೆ. ಕೆನಡಾದ ಒಂಟಾರಿಯೋದ ಒಂದು ಹಳೇ ಪದ್ಧತಿಯ ಆಮಿಶ್ ಊರಲ್ಲಿ ಜನಕ್ಕೆ ಹೆಜ್ಜೆ ಎಣಿಸೋ ಯಂತ್ರ ಕಟ್ಟಿ ನೋಡಿದ ಅಧ್ಯಯನ 2004ರಲ್ಲಿ ಬಂತು, ಗಂಡಸರು ದಿನಕ್ಕೆ ಸರಾಸರಿ 18,425 ಹೆಜ್ಜೆ, ಹೆಂಗಸರು 14,196, ಬೊಜ್ಜು ಇದ್ದವ್ರು ನೂರಕ್ಕೆ 4 ಜನ ಅಷ್ಟೇ. ಅದು ಟ್ರ್ಯಾಕ್ಟರೂ ಇಲ್ಲದೆ ಹೊಲ ಮಾಡೋ ಊರು. ದೊಡ್ಡ ಆಮಿಶ್ ಪ್ರದೇಶಗಳಲ್ಲಿ ಈಗ ಹೆಚ್ಚಿನ ಮನೆಗಳ ಆದಾಯ ಮರಗೆಲಸ, ಕಟ್ಟಡ, ಫ್ಯಾಕ್ಟರಿಯಿಂದ ಬರತ್ತೆ, ಊಟ ಮಾತ್ರ ಹೊಲದ ಕಾಲದ್ದೇ, ಹಾಗಾಗಿ ಆ ಅಂಕಿನ ಎಲ್ರಿಗೂ ಹಚ್ಚೋಕಾಗಲ್ಲ, ನಾನು ನೀವಂತೂ ದಿನಾ ತಿನ್ನೋ ಹಾಗಿಲ್ಲ.

ಸರಿ, ಮೈಸೂರಲ್ಲಿ ಏನು ಮಾಡ್ಬಹುದು. ನೂಡಲ್ಸ್ ಸುಲಭ. ಎರಡು ಕಪ್ ಮೈದಾಗೆ ಎರಡು ಪೂರ್ತಿ ಮೊಟ್ಟೆ, ಎರಡು ಮೂರು ಹಳದಿ ಲೋಳೆ, ಉಪ್ಪು, ಬೇಕಿದ್ರೆ ಒಂಚೂರು ನೀರು, ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಟ್ಟು ತೆಳ್ಳಗೆ ಲಟ್ಟಿಸಿ, ಬಟ್ಟೆ ಮೇಲೆ ಸ್ವಲ್ಪ ಒಣಗಿಸಿ ಪಟ್ಟಿ ಕತ್ತರಿಸಿ. ಈರುಳ್ಳಿ ಕ್ಯಾರೆಟ್ ಸೆಲರಿ ಬೇಯಿಸಿ ಸೋಸಿದ ನೀರಲ್ಲಿ ಐದಾರು ನಿಮಿಷ ಬೇಯಿಸಿ. ಬೆಣ್ಣೇನ ಬೇರೆ ಕಾಯಿಸಿ, ತುಪ್ಪ ಕಾಯಿಸೋವಾಗ ತಳದ ಗಸಿ ಕೆಂಪಗಾಗಿ ಘಮ್ ಅನ್ನತ್ತಲ್ಲ, ಅದೇ ಹದ, ಆದ್ರೆ ಸೋಸದೆ ಗಸಿ ಸಮೇತ ನೂಡಲ್ಸ್ ಮೇಲೆ ಸುರೀರಿ. ಉಪ್ಪು, ಕಾಳುಮೆಣಸು ಸಾಕು, ಒಗ್ಗರಣೆ ಹಾಕೋ ಆಸೆ ಬರತ್ತೆ, ಒಂದ್ಸಲ ತಡ್ಕೊಳ್ಳಿ.

ಆಪಲ್ ಬಟರ್‌ನಲ್ಲಿ ಬೆಣ್ಣೆ ಇಲ್ಲ, ಸೇಬನ್ನ ಬತ್ತಿಸಿದ್ದು ಅಷ್ಟೇ. ಅಲ್ಲಿ ಅಂಗಳದಲ್ಲಿ ತಾಮ್ರದ ಹಂಡೆ ಇಟ್ಟು ಸೇಬಿನ ರಸ, ಸೇಬು ಹೋಳು ಹಾಕಿ ಉದ್ದನೆ ಮರದ ಸೌಟಲ್ಲಿ ಇಡೀ ದಿನ ಸರದಿ ಮೇಲೆ ಕೈಯಾಡಿಸ್ತಾರೆ. ನೀವು ಸಿಮ್ಲಾ ಸೇಬು ಅಗ್ಗ ಇರೋವಾಗ ಎರಡು ಕೆಜಿ ಸಿಪ್ಪೆ ತೆಗೆದು ಹೆಚ್ಚಿ, ಎರಡು ಲೋಟ ಸೇಬಿನ ರಸ ಹಾಕಿ ದಪ್ಪ ತಳದ ಪಾತ್ರೇಲಿ ಸಣ್ಣ ಉರೀಲಿಡಿ, ಮೆತ್ತಗಾದ್ಮೇಲೆ ಮಸೆದು ಕಾಲು ಕೆಜಿ ಸಕ್ಕರೆ, ಚಕ್ಕೆ, ಮೂರ್ನಾಲ್ಕು ಲವಂಗದ ಪುಡಿ ಹಾಕಿ ಗಾಢ ಕಂದು ಆಗೋವರೆಗೆ ಕೈಯಾಡಿಸಿ. ತಟ್ಟೇಲಿ ಒಂದು ಚಮಚ ಹಾಕಿದ್ರೆ ಸುತ್ತ ನೀರು ಬಿಡಬಾರ್ದು, ಅಲ್ಲಿಗೆ ಆಯ್ತು. ಮೂರ್ನಾಲ್ಕು ಗಂಟೆ ಹಿಡಿಯತ್ತೆ.

ಶೂಫ್ಲೈ ಪೈ ಕೂಡ ಮಾಡಿ ನೋಡಿ, ಹಣ್ಣೇ ಇಲ್ಲದ ಚಳಿಗಾಲದಲ್ಲಿ ಬರೀ ಹಿಟ್ಟು, ಕಾಕಂಬಿ, ಸೋಡಾದಿಂದ ಮಾಡ್ತಿದ್ದ ಪೈ ಇದು, ಬೆಳಗ್ಗೆ ಕಾಫಿ ಜೊತೆನೂ ತಿಂತಾರೆ. ಅಲ್ಲಿನ ಮೊಲಾಸಸ್ ಬದಲು ನಮ್ಮ ಮಲೆನಾಡಿನ ಜೋನಿ ಬೆಲ್ಲ ಚೆನ್ನಾಗಿ ಒಗ್ಗತ್ತೆ, ಕಹಿ ಅಂಶ ಕಮ್ಮಿ ಇರತ್ತೆ ಅಷ್ಟೇ. ಬೆಣ್ಣೆ ಹಾಕಿ ಕಲಸಿದ ಮೈದಾ ಹೊದಿಕೇನ ಒಂಬತ್ತು ಇಂಚಿನ ತಟ್ಟೇಲಿ ಹರಡಿ. ಒಂದು ಕಪ್ ಮೈದಾ, ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಕಪ್ ಕಂದು ಸಕ್ಕರೆ, ಒಂದು ದೊಡ್ಡ ಚಮಚ ಬೆಣ್ಣೆ ಸೇರಿಸಿ ಪುಡಿ ಪುಡಿಯಾಗಿ ಉಜ್ಜಿ. ಒಂದು ಕಪ್ ಜೋನಿ ಬೆಲ್ಲ, ಮುಕ್ಕಾಲು ಕಪ್ ಬಿಸಿನೀರು ಕಲಸಿ ಆರಿದ್ಮೇಲೆ ಒಂದು ಮೊಟ್ಟೆ, ಒಂದು ಚಮಚ ನಿಂಬೆರಸ, ಕೊನೇಲಿ ಒಂದು ಟೀ ಚಮಚ ಅಡುಗೆ ಸೋಡಾ. ಮೊಲಾಸಸ್‌ನಲ್ಲಿ ಇರೋ ಹುಳಿ ಜೋನಿ ಬೆಲ್ಲದಲ್ಲಿ ಅಷ್ಟಿರಲ್ಲ, ಸೋಡಾ ಉಬ್ಬೋಕೆ ಆ ನಿಂಬೆರಸ ಬೇಕು. ಅರ್ಧ ಪುಡಿನ ಪಾಕಕ್ಕೆ ಕಲಸಿ ಹೊದಿಕೆಗೆ ಸುರಿದು, ಉಳಿದಿದ್ದನ್ನ ಮೇಲೆ ಉದುರಿಸಿ 190 ಡಿಗ್ರೀಲಿ ಸುಮಾರು 40 ನಿಮಿಷ. ಪೂರ್ತಿ ಆರಿದ್ಮೇಲೆ ಕತ್ತರಿಸಿ, ತಳ ಒಂಚೂರು ಒದ್ದೆಯಾಗೇ ಇರ್ಬೇಕು.

ಚೌಚೌ ಮಾಡೋದಾದ್ರೆ ತರಕಾರಿ ಬೇರೆ ಬೇರೆ ಅರ್ಧ ಬೇಯಿಸಿ, ಒಂದೂವರೆ ಕಪ್ ವಿನೆಗರ್, ಒಂದು ಕಪ್ ಸಕ್ಕರೆ, ಅರ್ಧ ಕಪ್ ನೀರು, ಉಪ್ಪು, ಸಾಸಿವೆ, ಅರಿಶಿನ ಕುದಿಸಿ ಮೇಲೆ ಸುರಿದು ಫ್ರಿಜ್‌ನಲ್ಲಿಟ್ಟು ಎರಡು ವಾರದಲ್ಲಿ ಖಾಲಿ ಮಾಡಿ. ಫ್ರಿಜ್ ಅಂತ ಒತ್ತಿ ಹೇಳ್ತಿದೀನಿ. ವಿಡಿಯೋಗಳಲ್ಲಿ ಆಮಿಶ್ ಹೆಂಗಸರು ಬೀನ್ಸು, ಜೋಳ, ಮಾಂಸ ತುಂಬಿದ ಜಾರನ್ನ ಬರೀ ಕುದಿಯೋ ನೀರಲ್ಲಿ ಮೂರು ಗಂಟೆ ಇಟ್ಟು ನೆಲಮಾಳಿಗೇಲಿ ಇಡೋದು ತೋರಿಸ್ತಾರೆ, ಅದನ್ನ ನೋಡಿ ಮನೇಲಿ ಮಾಡ್ಬೇಡಿ. ಹುಳಿ ಇಲ್ಲದ ಪದಾರ್ಥದಲ್ಲಿ, ಅಂದ್ರೆ ಪಿಎಚ್ 4.6ಕ್ಕಿಂತ ಜಾಸ್ತಿ ಇರೋದ್ರಲ್ಲಿ, ಬೊಟುಲಿಸಂ ಅನ್ನೋ ಜೀವಕ್ಕೇ ಅಪಾಯ ತರೋ ಆಹಾರ ವಿಷಬಾಧೆಯ ಬ್ಯಾಕ್ಟೀರಿಯಾದ ಬೀಜಕಣ ನೂರು ಡಿಗ್ರಿ ಕುದೀಲಿ ಸಾಯಲ್ಲ, 116 ಡಿಗ್ರಿ ಹತ್ರ ಬೇಕು, ಅದಕ್ಕೆ ಅಂತಲೇ ಮಾಡಿದ ಪ್ರೆಶರ್ ಕ್ಯಾನರ್ ಬೇಕು, ನಮ್ಮ ಮಾಮೂಲಿ ಕುಕ್ಕರ್ ಆ ಕೆಲಸಕ್ಕೆ ಪರೀಕ್ಷೆ ಆಗಿರೋದಲ್ಲ. ಅಮೆರಿಕದ ಕೃಷಿ ಇಲಾಖೆನೂ ಇದನ್ನೇ ಹೇಳತ್ತೆ. ನೀವು ಸಣ್ಣ ಜಾರಲ್ಲಿ ಆಗಾಗ ಮಾಡ್ಕೊಳ್ಳಿ, ಮಗಳು ಬಂದಾಗ ಜಾಸ್ತಿ ಮಾಡಿ.